ರೂಪಾಯಿಗೆ ಒಂದಾಣೆ

ಚಿಕ್ಕದನ್ನು ಮೆಚ್ಚುವುದು ಬಹಳ ಸುಲಭ. ಜಾತ್ರೆಯಲ್ಲಿ ಅಕ್ಕಿಕಾಳಿನ ಮೇಲೆ ಹೆಸರು ಬರೆದುಕೊಡುವವನ ಮುಂದೆ ಜನ ಮುಗಿಬೀಳುತ್ತಾರೆ. ಅಕ್ಷರ ದುಂಡಗಿದೆಯೇ, ಒತ್ತಕ್ಷರ ಸರಿಯಾಗಿದೆಯೇ ಎಂದು ಯಾರೂ ನೋಡುವುದಿಲ್ಲ. ಇಷ್ಟು ಚಿಕ್ಕದರಲ್ಲಿ ಬರೆದನಲ್ಲ ಎನ್ನುವ ಬೆರಗಿನಲ್ಲೇ ಹತ್ತು ರೂಪಾಯಿ ಕೊಟ್ಟು ಮುಂದೆ ಹೋಗುತ್ತಾರೆ. ಇದೇ ಅಕ್ಷರವನ್ನು ನನ್ನ ಎಂಟನೇ ತರಗತಿಯ ಹುಡುಗ ಕಾಪಿ ಪುಸ್ತಕದಲ್ಲಿ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಹಾಗಾಗಿ ಕಿರುಮಾದರಿಯೊಂದನ್ನು ವಿಮರ್ಶೆ ಮಾಡಲು ಕೂತವರು ಮೊದಲು ಈ ಬೆರಗನ್ನು ಪಕ್ಕಕ್ಕಿಡಬೇಕು. ಚಿಕ್ಕದಾಗಿದೆ ಎನ್ನುವುದು ಗುಣವಲ್ಲ, ಅದು ಬರೀ ಅಳತೆ.

ನಾನು ಬರೆಯಹೊರಟಿರುವುದು ಲಿಂಗಸುಗೂರಿನ ಒಬ್ಬ ಮಿಸ್ತ್ರಿಯವರು ಆರು ವರ್ಷ ಕೂತು ಕಟ್ಟಿದ ಒಂದು ಕಾರಿನ ಬಗ್ಗೆ. ರೋಲ್ಸ್ ರಾಯ್ಸ್ ಕಂಪನಿಯ ಸಿಲ್ವರ್ ಘೋಸ್ಟ್, 1911ರ ಸುಮಾರಿನ ತೆರೆದ ಮೈಯ ಗಾಡಿ. ಮಿಸ್ತ್ರಿಯವರಿಗೆ ಎಪ್ಪತ್ತು ದಾಟಿದೆ. ಮೂವತ್ತು ವರ್ಷ ಲೇತ್ ಮಶಿನ್ನಿನ ಮುಂದೆ ನಿಂತವರು. ಈಗ ಮನೆಯ ಹಿತ್ತಲಿನ ತಗಡಿನ ಚಪ್ಪರದಲ್ಲಿ ಒಂದು ಪುಟ್ಟ ಲೇತು, ಒಂದು ವೈಸು, ಅರಗಳ ಒಂದು ಡಬ್ಬಿ ಇಟ್ಟುಕೊಂಡಿದ್ದಾರೆ. ಅಳತೆ ಎಷ್ಟು ಕಾಕಾ ಎಂದು ಕೇಳಿದಾಗ ಅವರು ಒಂದಕ್ಕೆ ಹದಿನಾರು ಅನ್ನಲಿಲ್ಲ. "ರೂಪಾಯಿಗೆ ಒಂದಾಣಿ ಲೆಕ್ಕದಾಗ ಮಾಡೀನ್ರಿ ಅಕ್ಕೋರ" ಅಂದರು. ಹದಿನಾರು ಆಣೆಗೆ ಒಂದು ರೂಪಾಯಿ ಇದ್ದ ಕಾಲದ ಲೆಕ್ಕ. ಮೂಲ ಕಾರಿನ ಹದಿನಾರು ಇಂಚು ಇಲ್ಲಿ ಒಂದಿಂಚು. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಆ ಕಾರಿನಲ್ಲಿ ಹೆಚ್ಚುಕಡಿಮೆ ಹನ್ನೆರಡು ಅಡಿ. ಇಲ್ಲಿ ಒಂಬತ್ತು ಇಂಚು. ನಿಜವಾದ ಗಾಲಿಯ ಟೈರು 895 ಮಿಲಿಮೀಟರ್ ಎತ್ತರ, ಇಲ್ಲಿ 56. ಆಣೆ ಹೋಗಿ ಪೈಸೆ ಬಂದದ್ದು 1957ರಲ್ಲಿ. ಆದರೂ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ.

ಇಂಥ ಮಾದರಿಗಳಲ್ಲಿ ಮೂರು ಬಗೆ. ಅಚ್ಚಿನಲ್ಲಿ ಎರಕ ಹೊಯ್ದು ಸಿದ್ಧವಾಗಿಯೇ ಬರುವುದು ಒಂದು. ಇಂಗ್ಲೆಂಡಿನ ಮ್ಯಾಚ್‌ಬಾಕ್ಸ್ ಕಂಪನಿ 1960ರ ದಶಕದ ಕೊನೆಯಲ್ಲೇ ಅಂಗೈ ಅಗಲದ ಸಿಲ್ವರ್ ಘೋಸ್ಟ್ ಮಾಡಿ ಮಾರಿತ್ತು. ಎರಡನೆಯದು ಬಿಡಿಭಾಗಗಳ ಪೆಟ್ಟಿಗೆ. ತಂದು ನಾವೇ ಜೋಡಿಸಬೇಕು. ಇಟಲಿಯ ಪೋಕರ್ ಪೆಟ್ಟಿಗೆಗಳು ಇದಕ್ಕೆ ಹೆಸರುವಾಸಿ. ಮೂರನೆಯದರಲ್ಲಿ ಪೆಟ್ಟಿಗೆಯೂ ಇಲ್ಲ, ಅಚ್ಚೂ ಇಲ್ಲ. ತಗಡು, ತಂತಿ, ಹಿತ್ತಾಳೆಯ ಸರಳು, ಮರದ ಚೂರು ಇವುಗಳಿಂದ ಪ್ರತಿ ತಿರುಪನ್ನೂ ತಾನೇ ಮಾಡಿಕೊಳ್ಳಬೇಕು. ಇಂಗ್ಲೆಂಡಿನ ಜೆರಾಲ್ಡ್ ವಿಂಗ್ರೋವ್ ಎಂಬವರು 1:15 ಅಳತೆಯಲ್ಲಿ ಹೀಗೆ ಕಟ್ಟಿ ಕಟ್ಟಿ ಲೋಕಪ್ರಸಿದ್ಧರಾದರು. ನಮ್ಮ ಮಿಸ್ತ್ರಿಯವರದೂ ಇದೇ ಮೂರನೆಯ ಬಗೆ. ಮೊದಲ ಬಗೆಯಲ್ಲಿ ಕೊಂಡವನ ರುಚಿ ಕಾಣುತ್ತದೆ, ಎರಡನೆಯದರಲ್ಲಿ ತಾಳ್ಮೆ ಕಾಣುತ್ತದೆ. ಮೂರನೆಯದರಲ್ಲಿ ಮಾಡಿದವನು ಜಗತ್ತನ್ನು ಹೇಗೆ ನೋಡುತ್ತಾನೆ ಎಂಬುದೇ ಕಂಡುಬಿಡುತ್ತದೆ. ವಿಮರ್ಶೆಗೆ ಒದಗುವುದು ಅದು ಒಂದೇ.

ಜೋಳ ಹತ್ತಿ ಬೆಳೆಯುವ ಲಿಂಗಸುಗೂರಿಗೂ ರೋಲ್ಸ್ ರಾಯ್ಸಿಗೂ ಎತ್ತಣಿಂದೆತ್ತ ಎಂದು ಕೇಳಬಹುದು. ಸಂಬಂಧ ಇದೆ. 1948ರ ಸೆಪ್ಟೆಂಬರ್ ತನಕ ಈ ಸೀಮೆ ನಿಜಾಮರ ಕೈಯಲ್ಲಿತ್ತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ತಮಗಾಗಿ ಒಂದು ಸಿಲ್ವರ್ ಘೋಸ್ಟ್ ಮಾಡಿಸಲು ಹೇಳಿ 1911ರಲ್ಲಿ ತೀರಿಕೊಂಡರು. ಅದನ್ನು ಪಡೆದವರು ಮಗ ಉಸ್ಮಾನ್ ಅಲಿ ಖಾನ್. ಹಳದಿ ಬಣ್ಣ, ಹಿಂದೆ ಸಿಂಹಾಸನದಂಥ ಎತ್ತರದ ಆಸನ. ಲಂಡನ್ನಿನ ಬಾರ್ಕರ್ ಕಂಪನಿ ಕಟ್ಟಿದ ಮೈ. ಮೆರವಣಿಗೆಗೆಂದೇ ಇದ್ದ ಆ ಕಾರು ಓಡಿದ್ದು ಕೆಲವೇ ನೂರು ಮೈಲಿ ಎನ್ನುತ್ತಾರೆ. ಅದನ್ನು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆ. ಮಿಸ್ತ್ರಿಯವರು ಮಗಳ ಮನೆಗೆ ಹೋದಾಗ ಕಂಡದ್ದು ಇದನ್ನೇ. (ಹಳೆಯದಕ್ಕೆಲ್ಲ ವಿಂಟೇಜ್ ಎನ್ನುವುದು ನಮ್ಮಲ್ಲಿ ರೂಢಿ. ಇಂಗ್ಲಿಷರ ಕಟ್ಟುನಿಟ್ಟಿನ ಪ್ರಕಾರ ಆ ಮಾತು 1919ರಿಂದ 1930ರವರೆಗಿನ ಕಾರುಗಳಿಗೆ ಮಾತ್ರ; ಇದು ಅದಕ್ಕೂ ಹಿರಿಯದು.)

ಮಿಸ್ತ್ರಿಯವರು ನೋಡಿಬಂದದ್ದು ಸಿಂಹಾಸನದ ಕಾರು, ಆದರೆ ಕಟ್ಟಿದ್ದು ಸಿಂಹಾಸನವಿಲ್ಲದ್ದು. ಇದು ಯೋಚಿಸಿಯೇ ಮಾಡಿದ ಆಯ್ಕೆ. ಆ ಕಾಲದಲ್ಲಿ ರೋಲ್ಸ್ ರಾಯ್ಸ್ ಕಂಪನಿ ಮಾರುತ್ತಿದ್ದುದು ಬರೀ ಚಾಸಿ. ಎಂಜಿನ್, ಗೇರು, ಅಚ್ಚು, ಗಾಲಿ ಅಷ್ಟೆ. ಅದರ ಮೇಲಿನ ಮೈಯನ್ನು ಕೊಂಡವರು ಬೇರೆ ಕಡೆ ಕಟ್ಟಿಸಿಕೊಳ್ಳಬೇಕಿತ್ತು. 1926ರವರೆಗೆ ಆ ಮಾದರಿಯ 7,800ಕ್ಕೂ ಹೆಚ್ಚು ಚಾಸಿಗಳು ಹೊರಬಂದವು. ರಾಜನದಾಗಲಿ ಡಾಕ್ಟರನದಾಗಲಿ, ಕೆಳಗಿನ ಯಂತ್ರ ಅದೇ. "ಮ್ಯಾಲಿಂದು ಸಾಹುಕಾರ್ರ ಶೋಕಿ, ತೆಳಗಿಂದು ಕೆಲಸಗಾರ್ರದು" ಎಂದು ಮಿಸ್ತ್ರಿಯವರು ಹೇಳಿದರು. ಅವರ ಕೃತಿಯ ಶಕ್ತಿಯೂ ಕುಂದೂ ಎರಡೂ ಈ ಒಂದು ಮಾತಿನಲ್ಲಿವೆ.

ಶಕ್ತಿಯನ್ನು ಮೊದಲು ಹೇಳುತ್ತೇನೆ. ಬಾನೆಟ್ಟಿನ ಎರಡು ರೆಕ್ಕೆ ಎತ್ತಿದರೆ ಎಂಜಿನ್ ಕಾಣುತ್ತದೆ. ಸಿಲ್ವರ್ ಘೋಸ್ಟಿನ ಆರು ಸಿಲಿಂಡರುಗಳನ್ನು ಮೂರು ಮೂರರಂತೆ ಎರಡು ಗುಂಪಾಗಿ ಎರಕ ಹೊಯ್ಯುತ್ತಿದ್ದರು. ಸಿದ್ಧ ಆಟಿಕೆಗಳಲ್ಲಿ ಇದು ಒಂದೇ ಗಡ್ಡೆಯಾಗಿರುತ್ತದೆ. ಇಲ್ಲಿ ಎರಡು ಗುಂಪು, ನಡುವೆ ಬೆಳಕು ಹಾಯುವಷ್ಟು ಸಂದು. ಪ್ರತಿ ಸಿಲಿಂಡರಿಗೆ ಎರಡೆರಡು ಪ್ಲಗ್ಗು ಇದ್ದವು, ಕಿಡಿ ಹೊತ್ತಿಸಲು ಎರಡು ಪ್ರತ್ಯೇಕ ವ್ಯವಸ್ಥೆ ಇದ್ದುದರಿಂದ. ಮಿಸ್ತ್ರಿಯವರು ಹನ್ನೆರಡು ಗುಂಡುಸೂಜಿಗಳ ತಲೆ ಅರೆದು ಹನ್ನೆರಡು ಪ್ಲಗ್ಗು ಮಾಡಿ, ಹನ್ನೆರಡಕ್ಕೂ ಕೂದಲೆಳೆಯ ತಂತಿ ಎಳೆದಿದ್ದಾರೆ. ಒಂದೂ ತಪ್ಪು ಜಾಗಕ್ಕೆ ಹೋಗಿಲ್ಲ. ರೇಡಿಯೇಟರಿನ ಜಾಲರಿಗೆ ಚಹಾ ಸೋಸುವ ಜಾಳಿಗೆ ಕತ್ತರಿಸಿ ಹಾಕಿದ್ದಾರೆ. ಗುಡಿಯ ಮುಖಮಂಟಪದಂತೆ ಕಾಣುವ ಅದರ ಚೌಕಟ್ಟನ್ನು ಹಿತ್ತಾಳೆಯ ಪಟ್ಟಿಯಿಂದ ಬೆಸೆದಿದ್ದಾರೆ. ಬೆಸುಗೆ ಎಲ್ಲಿ ಎಂದು ಕಣ್ಣಿಗೆ ಸಿಗುವುದಿಲ್ಲ.

ಸ್ಪ್ರಿಂಗುಗಳ ವಿಷಯದಲ್ಲಂತೂ ಸ್ವಲ್ಪ ನಿಲ್ಲಲೇಬೇಕು. ಹತ್ತಿಯ ಬೇಲು ಬಿಗಿಯುವ ಉಕ್ಕಿನ ಪಟ್ಟಿ ನಮ್ಮ ಕಡೆ ಯಾವ ಜಿನ್ನಿಂಗ್ ಫ್ಯಾಕ್ಟರಿಯ ಹಿಂದೆ ಬೇಕಾದರೂ ಬಿದ್ದಿರುತ್ತದೆ. ಅದರ ದಪ್ಪ ಅರ್ಧ ಮಿಲಿಮೀಟರ್. ಹದಿನಾರರಿಂದ ಗುಣಿಸಿದರೆ ಎಂಟು. ಭಾರದ ಗಾಡಿಯ ಸ್ಪ್ರಿಂಗಿನ ಒಂದು ಎಲೆಗೆ ಒಪ್ಪುವ ದಪ್ಪ. ಅದನ್ನು ಉದ್ದಕ್ಕೆ ಸೀಳಿ, ಒಂದರ ಕೆಳಗೊಂದು ಗಿಡ್ಡವಾಗುತ್ತ ಬರುವಂತೆ ಪೇರಿಸಿ ನಡುವೆ ಪಟ್ಟಿ ಬಿಗಿದಿದ್ದಾರೆ. ಬೆರಳಿನಿಂದ ಒತ್ತಿದರೆ ಕಾರು ತಗ್ಗಿ ಮತ್ತೆ ಏಳುತ್ತದೆ. ಮಡ್‌ಗಾರ್ಡಿನದು ಇದಕ್ಕೆ ವಿರುದ್ಧದ ಕಷ್ಟ. ಎಣ್ಣೆ ಡಬ್ಬಿಯ ತಗಡು ಕಾಲು ಮಿಲಿಮೀಟರ್ ದಪ್ಪ; ಹದಿನಾರು ಪಟ್ಟಾದರೆ ನಾಲ್ಕು. ಮಕ್ಕಳ ಪಾಟಿಯಷ್ಟು ದಪ್ಪದ ಮಡ್‌ಗಾರ್ಡು ಯಾವ ಕಾರಿಗೂ ಇಲ್ಲ. ಅಷ್ಟು ತೆಳ್ಳನೆ ತಗಡು ತಂದರೆ ಮುಟ್ಟಿದಲ್ಲಿ ನುಗ್ಗಾಗುತ್ತದೆ. ಅದಕ್ಕೆ ಅವರು ಅಂಚನ್ನು ಮಾತ್ರ ಒಳಬದಿಯಿಂದ ಅರದಿಂದ ಇಳಿಜಾರಾಗಿ ಉಜ್ಜಿ ಕತ್ತಿಯ ಬಾಯಿಯಂತೆ ಮಾಡಿದ್ದಾರೆ. ನೋಡುವ ಕಣ್ಣಿಗೆ ಅಂಚು ಎಷ್ಟು ತೆಳುವೋ ತಗಡೂ ಅಷ್ಟೇ ತೆಳು. ಇದು ಮೋಸವಲ್ಲ. ಅಳತೆಪಟ್ಟಿಗೆ ಒಂದು ಸತ್ಯ, ಕಣ್ಣಿಗೆ ಇನ್ನೊಂದು. ಎರಡೂ ಕೂಡಿಬಾರದಲ್ಲಿ ಕಣ್ಣಿನ ಪರವಾಗಿ ನಿಲ್ಲುವುದು ಕಲೆ.

ಗಾಲಿಗಳು ತಂತಿ ಕಡ್ಡಿಯವು. ಆ ಕಾಲದಲ್ಲಿ ಮರದ ಕಡ್ಡಿಯ ಗಾಲಿಯೂ ಇತ್ತು, ತಂತಿಯದೂ ಇತ್ತು. ಅವರು ಕಷ್ಟದ್ದನ್ನೇ ಆರಿಸಿಕೊಂಡರು. ಮರದ ಕಡ್ಡಿ ಬಂಡಿ ಗಾಲಿಯದರಂತೆ ಭಾರವನ್ನು ಹೊರುತ್ತದೆ. ತಂತಿ ಹೊರಲಾರದು, ಅದು ಎಳೆದು ಹಿಡಿಯುತ್ತದೆ. ಅದಕ್ಕೇ ಅದನ್ನು ನೇರ ನಡುವಿನಿಂದ ಹಾಯಿಸದೆ, ಸೈಕಲ್ಲಿನ ಹಾಗೆ ಗುಂಭದ ಅಂಚಿಗೆ ಓರೆಯಾಗಿ, ಒಂದರ ಮೇಲೊಂದು ಅಡ್ಡ ಹಾಯಿಸಬೇಕು. ಮಿಸ್ತ್ರಿಯವರ ಗಾಲಿಗಳಲ್ಲಿ ಕಡ್ಡಿಗಳು ಬಿಗಿದು ನಿಂತಿವೆ. ಉಗುರಿನಿಂದ ಮೀಟಿದರೆ ಸಣ್ಣ ಸದ್ದು ಬರುತ್ತದೆ.

ಈ ಕಾರನ್ನು ಸಿಂಧನೂರಿನಲ್ಲಿ ಶಾಲಾ ಮಕ್ಕಳ ವಿಜ್ಞಾನ ವಸ್ತು ಪ್ರದರ್ಶನದಲ್ಲಿ ಎರಡು ದಿನ ಇಟ್ಟಿದ್ದರು. ನೋಡಿದವರು ಕೇಳಿದ ಪ್ರಶ್ನೆ ಎರಡೇ: ಓಡ್ತದೇನು, ಎಷ್ಟು ಖರ್ಚಾತು. ಭತ್ತದ ನಾಡು ಅದು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ರೈಸ್‌ಮಿಲ್ಲುಗಳೂ ಬಂದವು, ಮಿಲ್ಲಿನವರ ಮನೆಗಳಲ್ಲಿ ಗಾಜಿನ ಕಪಾಟುಗಳೂ ಬಂದವು. ಅಂಥ ಒಬ್ಬರು ಒಳ್ಳೆಯ ಬೆಲೆಗೆ ಕಾರು ಕೇಳಿದರು. ಶರತ್ತು ಇಷ್ಟೆ: ಹಿಂದೆ ನಿಜಾಮರ ಸಿಂಹಾಸನ ಕೂರಿಸಬೇಕು, ಲಾಂದ್ರ ಬಾಗಿಲು ಹಿಡಿಕೆಗಳಿಗೆ ಚಿನ್ನದ ನೀರು ಹಾಕಬೇಕು. ಬಾನೆಟ್ಟಿನ ತುದಿಗೆ ರೆಕ್ಕೆಯ ಗೊಂಬೆಯೂ ಬೇಕಂತೆ. 1911ರಲ್ಲಿ ಚಾರ್ಲ್ಸ್ ಸೈಕ್ಸ್ ಎಂಬ ಶಿಲ್ಪಿ ರೂಪಿಸಿದ ಆ ಗೊಂಬೆ ಗೇಣಿಗಿಂತ ಚಿಕ್ಕದು. ನಮ್ಮ ಲೆಕ್ಕದಲ್ಲಿ ಅರ್ಧ ಇಂಚೂ ಆಗದು. ಗಿಫ್ಟ್ ಅಂಗಡಿಯ ಕಾರುಗಳಲ್ಲಿ ಮಾತ್ರ ಅದು ಕಂಬದ ಮೇಲೆ ಕೂತ ಕಾಗೆಯಷ್ಟಿರುತ್ತದೆ. ಮಿಸ್ತ್ರಿಯವರು ಒಪ್ಪಲಿಲ್ಲ. ಹಣದ ಅಗತ್ಯ ಅವರಿಗೆ ಇಲ್ಲದೆ ಇರಲಿಲ್ಲ, ಮಂಡಿ ಆಪರೇಶನ್ನು ಮುಂದಕ್ಕೆ ಹಾಕುತ್ತಲೇ ಇದ್ದಾರೆ. ಆದರೂ ಒಪ್ಪದಿದ್ದುದು ಸರಿ ಎಂದೇ ನನ್ನ ಅಭಿಪ್ರಾಯ. ವಿವರ ಬೇರೆ, ಒಡವೆ ಬೇರೆ. ಸ್ಪ್ರಿಂಗಿನ ಎಲೆ ತಾನು ಮಾಡುವ ಕೆಲಸವನ್ನು ಹೇಳುತ್ತದೆ. ಚಿನ್ನದ ನೀರು ಕೊಂಡವರ ಹೆಸರನ್ನು ಹೇಳುತ್ತದೆ.

ಇಲ್ಲಿಯವರೆಗೆ ನಾನು ಅವರ ಪಕ್ಷ. "ಬರೇ ಹೊಗಳಿ ಬರೀಬ್ಯಾಡ್ರಿ ಅಕ್ಕೋರ, ತಪ್ಪು ಇದ್ದಲ್ಲಿ ತಪ್ಪು ಅನ್ರಿ" ಎಂದು ಅವರೇ ಹೇಳಿದ್ದರಿಂದ ಮುಂದಿನದನ್ನು ಸಂಕೋಚವಿಲ್ಲದೆ ಬರೆಯುತ್ತೇನೆ.

ಸೀಟುಗಳು ಕೆಟ್ಟಿವೆ. ಸ್ವಲ್ಪವಲ್ಲ, ಪೂರ್ತಿ ಕೆಟ್ಟಿವೆ. ಆಟೋರಿಕ್ಷಾಕ್ಕೆ ಹಾಕುವ ಕಪ್ಪು ರೆಕ್ಸಿನ್ ಕತ್ತರಿಸಿ, ಒಳಗೆ ಸ್ಪಂಜು ತುಂಬಿ, ಹೊಲಿಗೆ ಮಶಿನ್ನಿನಲ್ಲಿ ಎರಡು ಗೆರೆ ಹೊಡೆದು ಅಂಟಿಸಿದ್ದಾರೆ. ರೆಕ್ಸಿನ್ನಿನ ಮೇಲಿನ ಸುಕ್ಕಿನ ಕಣ ಅರ್ಧ ಮಿಲಿಮೀಟರ್ ಇದೆ ಎಂದುಕೊಳ್ಳಿ. ಹದಿನಾರು ಪಟ್ಟಾದರೆ ಶೇಂಗಾಕಾಳಿನಷ್ಟು. ಶೇಂಗಾ ಹರವಿದ ಹಾಸಿನ ಮೇಲೆ ಯಾವ ಸಾಹುಕಾರ ಕೂರುತ್ತಿದ್ದ? ಹೊಲಿಗೆಯ ಒಂದೊಂದು ಗೆರೆ ಎರಡು ಮಿಲಿಮೀಟರ್. ನಮ್ಮ ಲೆಕ್ಕದಲ್ಲಿ ಒಂದೂಕಾಲು ಇಂಚು. ಅದು ದಬ್ಬಳದಿಂದ ಗೋಣಿಚೀಲ ಹೊಲಿದ ಹೊಲಿಗೆ. ಮಡಚಿಟ್ಟ ಟಾಪಿನ ಬಟ್ಟೆಯ ಗತಿಯೂ ಇದೇ, ನೇಯ್ಗೆಯ ಎಳೆ ಹಗ್ಗದಂತೆ ಕಾಣುತ್ತದೆ. ಪ್ಲಗ್ಗಿಗೆ ಗುಂಡುಸೂಜಿಯ ತಲೆ ಅರೆದ ಮನುಷ್ಯ, ಮಡ್‌ಗಾರ್ಡಿನ ಅಂಚಿಗೆ ಒಂದು ವಾರ ಕಳೆದವರು, ಸೀಟಿಗೆ ಒಂದು ಮಧ್ಯಾಹ್ನ ಕೊಟ್ಟಿದ್ದಾರೆ.

ಯಾಕೆ ಹೀಗೆ ಎಂದು ಕೇಳಿದೆ. "ಕುರ್ಚಿ ಮಾಡೂದು ಬಡಿಗೇರ ಕೆಲಸರಿ, ನಾವು ಮಶಿನ್ ಮಂದಿ" ಅಂದರು. ನಾನು ಬಡಿಗೇರ ಮಗಳು ಎಂಬುದು ಅವರಿಗೆ ಗೊತ್ತಿರಲಿಲ್ಲ. ನನ್ನ ಅಪ್ಪ ಸಿಂಧನೂರಿನ ಹತ್ತಿರದ ಹಳ್ಳಿಯಲ್ಲಿ ಬಂಡಿ ಮಾಡುತ್ತಿದ್ದರು, ಟೈರಿನ ಬಂಡಿ ಬರುವ ತನಕ. ಗಾಲಿಗೆ ಹಳಿ ಏರಿಸುವ ದಿನ ಕಮ್ಮಾರರ ಕುಲುಮೆಯ ಮುಂದೆ ಅಪ್ಪ ನೀರಿನ ಕೊಡ ಹಿಡಿದು ನಿಲ್ಲುತ್ತಿದ್ದರು. ಕೆಂಪಗೆ ಕಾದ ಕಬ್ಬಿಣ ಮರವನ್ನು ಸುಡಬೇಕು, ಆದರೆ ಹೆಚ್ಚು ಸುಡಬಾರದು. ನೀರು ಬಿದ್ದು ಕಬ್ಬಿಣ ಕುಗ್ಗಿ ಮರದ ಸಂದುಗಳನ್ನೆಲ್ಲ ಬಿಗಿಯಬೇಕು. ಆ ಗಾಲಿಯಲ್ಲಿ ಬಡಿಗೇರನ ಪಾಲು ಎಷ್ಟು, ಕಮ್ಮಾರನ ಪಾಲು ಎಷ್ಟು ಎಂದು ಯಾರು ಹೇಳಬಲ್ಲರು?

ಬಾರ್ಕರ್ ಕಂಪನಿ ಕಾರು ಬರುವ ಮೊದಲು ಸಾರೋಟು ಕಟ್ಟುತ್ತಿದ್ದ ಕಂಪನಿ. ಹದಿನೆಂಟನೆಯ ಶತಮಾನದ ಆರಂಭದಷ್ಟು ಹಳೆಯದು. ರೋಲ್ಸ್ ರಾಯ್ಸಿನ ಚಾಸಿಯ ಮೇಲೆ ಅವರು ಕೂರಿಸಿದ ಮೈಯಲ್ಲಿ ಬಡಿಗನ ಚೌಕಟ್ಟಿತ್ತು, ತಗಡು ಬಡಿಯುವವನ ಹಾಳೆಯಿತ್ತು, ಚರ್ಮ ಹೊಲಿಯುವವನ ಗಾದಿಯಿತ್ತು, ಬಣ್ಣದವನು ಪದರದ ಮೇಲೆ ಪದರ ಬಳಿದು ಉಜ್ಜಿದ ಮೆರುಗಿತ್ತು. ಹಣ ಕೊಟ್ಟವನು ಸಾಹುಕಾರ ಇರಬಹುದು. ಹೊಲಿದವನು ಸಾಹುಕಾರನಲ್ಲ. ಮೇಲಿನದು ಶೋಕಿ, ಕೆಳಗಿನದು ಕೆಲಸ ಎಂದು ಗೆರೆ ಎಳೆದ ಮಿಸ್ತ್ರಿಯವರು ಸಾಹುಕಾರನನ್ನು ಬಿಟ್ಟೆ ಅಂದುಕೊಂಡರು. ನಿಜವಾಗಿ ಬಿಟ್ಟದ್ದು ತಮ್ಮಂಥದೇ ಇನ್ನೊಬ್ಬ ಕೈಕೆಲಸದವನನ್ನು. ತನ್ನ ಕಸುಬಿನ ಭಾಗಕ್ಕೆ ಹದಿನಾರಾಣೆ ಗೌರವ, ಪಕ್ಕದ ಕಸುಬಿಗೆ ಆಟೋ ರೆಕ್ಸಿನ್. ಇದು ಕೈಯ ದೋಷವಲ್ಲ, ನೋಟದ ದೋಷ. ಅದಕ್ಕೇ ಇಷ್ಟು ಬರೆಯಬೇಕಾಯಿತು. ಮಿಲ್ಲಿನವರು ಕೇಳಿದ ಸಿಂಹಾಸನವೂ ಇವರು ಮಾಡಿದ ಈ ಸೀಟೂ ಒಂದೇ ತಪ್ಪಿನ ಎರಡು ಮುಖ. ಇಬ್ಬರಿಗೂ ಸೀಟು ಎಂದರೆ ಕೂರುವವನು ಮಾತ್ರ.

ಹಾಗಾದರೆ ಸೀಟು ಹೇಗಿರಬೇಕಿತ್ತು? ನಾನು ಕೊಡುವ ಉತ್ತರ ಅವರಿಗೆ ವಿಚಿತ್ರ ಎನಿಸಿತು. ಕಿರಿದಾದ ಅಳತೆಯಲ್ಲಿ ಚರ್ಮವನ್ನು ಚರ್ಮದಿಂದ, ಬಟ್ಟೆಯನ್ನು ಬಟ್ಟೆಯಿಂದ ತೋರಿಸಲಾಗದು. ಉಕ್ಕಿಗೆ ಉಕ್ಕು ಒಪ್ಪಿತು, ಯಾಕೆಂದರೆ ಉಕ್ಕಿಗೆ ಕಣ್ಣಿಗೆ ಕಾಣುವ ಎಳೆಯಿಲ್ಲ. ಬಟ್ಟೆಗೆ ಎಳೆಯಿದೆ, ಎಳೆ ಕುಗ್ಗುವುದಿಲ್ಲ. ಇದು ನಮ್ಮ ನಾಡಿನ ಶಿಲ್ಪಿಗಳಿಗೆ ಯಾವತ್ತೋ ತಿಳಿದ ಸಂಗತಿ. ಹಂಪಿಯ ವಿಠ್ಠಲ ಗುಡಿಯ ಮುಂದಿನ ಕಲ್ಲಿನ ರಥ ಈಗ ಐವತ್ತರ ನೋಟಿನ ಮೇಲೂ ಇದೆ. ಮರದ ತೇರನ್ನು ಕಲ್ಲಿನಲ್ಲಿ ಅನುಕರಿಸಿದ ಮಾದರಿ ಅದು. ಅದರ ಗಾಲಿ ಒಂದು ಕಾಲಕ್ಕೆ ಅಚ್ಚಿನ ಮೇಲೆ ತಿರುಗುತ್ತಿತ್ತು. ಮರದ ತೇರನ್ನು ಮರದಲ್ಲೇ ಮಾಡಿದ್ದರೆ ಅದು ಇನ್ನೊಂದು ತೇರಾಗುತ್ತಿತ್ತು, ಅಷ್ಟೆ. ಮುಂದೆ ಈಗ ನಿಂತಿರುವ ಆನೆಗಳು ಆಮೇಲೆ ತಂದಿಟ್ಟವು. ಮೊದಲಿದ್ದ ಕುದುರೆಗಳ ಗುರುತು ಅವುಗಳ ಹಿಂದೆ ಇನ್ನೂ ಉಳಿದಿದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ಅದನ್ನೇ ಮೊದಲು ಹುಡುಕಿಸುತ್ತೇನೆ.

ಇನ್ನೂ ಹತ್ತಿರದ ಉದಾಹರಣೆ ಕೊಪ್ಪಳದ ಕಿನ್ನಾಳ. ಅಲ್ಲಿಯ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆ ಕಡೆದು, ಹುಣಸೆಬೀಜದ ಸರಿಗೆ ಮರದ ಹೊಟ್ಟು ಕಲಸಿ ಸಂದು ತುಂಬಿ, ಮೇಲೆ ಬಣ್ಣ ಹಚ್ಚುತ್ತಾರೆ. ಆ ಕಸುಬಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಅವರ ದೇವರ ಗೊಂಬೆಯ ಸೀರೆಯಲ್ಲಿ ಒಂದೂ ನೂಲಿಲ್ಲ. ನೆರಿಗೆ ಮಾತ್ರ ಬಟ್ಟೆಯ ನೆರಿಗೆಯೇ. ಮಿಸ್ತ್ರಿಯವರು ಸೀಟನ್ನು ಮರದಲ್ಲಿ ಕಡೆಯಬೇಕು, ಗುಂಡಿ ಕೂತಲ್ಲಿ ಚರ್ಮ ಒಳಗೆ ಎಳೆದ ತಗ್ಗನ್ನು ಉಳಿಯಿಂದ ತೆಗೆಯಬೇಕು, ಹುಣಸೆಬೀಜದ ಸರಿಯಿಂದ ನುಣುಪು ಮಾಡಿ ಮಂಕಾದ ಬಣ್ಣ ಹಚ್ಚಬೇಕು. ಹೊಳೆಯುವ ಬಣ್ಣ ಮಾತ್ರ ಬೇಡ, ಕಿರಿದಾದ ವಸ್ತುವಿನ ಮೇಲೆ ಹೊಳಪು ಯಾವಾಗಲೂ ಹೆಚ್ಚೇ ಕಾಣುತ್ತದೆ. ಇದು ಅವರಿಗೂ ಗೊತ್ತು. ಬಾನೆಟ್ಟಿಗೆ ಬೆಳ್ಳಿಬಣ್ಣ ಹಚ್ಚಿದರೆ ಅದರ ಪುಡಿಯ ಕಣಗಳೇ ಎದ್ದು ಕಾಣುತ್ತವೆಂದು ಬರೀ ಅಲ್ಯೂಮಿನಿಯಂ ಹಾಳೆಯನ್ನು ಉಜ್ಜಿ ಹಾಗೇ ಬಿಟ್ಟಿದ್ದಾರೆ.

ನಾನು ಪಾಠ ಹೇಳುವ ಮಸ್ಕಿಯ ಕಡೆ ಸುಗ್ಗಿ ಮುಗಿದ ಮೇಲೆ ಹುಡುಗರು ಜೋಳದ ದಂಟಿನ ಬಂಡಿ ಮಾಡುತ್ತಾರೆ. ಸಿಪ್ಪೆ ಸುಲಿದು ಒಳಗಿನ ಬೆಂಡನ್ನು ತುಂಡು ಮಾಡಿ, ಅದೇ ಸಿಪ್ಪೆಯ ಸೀಳನ್ನು ಮೊಳೆಯಂತೆ ಚುಚ್ಚಿ ಜೋಡಿಸುವುದು. ಅಂಟಿಲ್ಲ, ದಾರವಿಲ್ಲ. ನೊಗ, ಮೂಕಿ, ಅಚ್ಚು, ಕೀಲು ಎಲ್ಲ ಬೆಂಡು ಮತ್ತು ಸಿಪ್ಪೆ ಎರಡರಲ್ಲೇ. ಇದಕ್ಕೆ ಪ್ರದರ್ಶನದಲ್ಲಿ ಯಾರೂ ಬಹುಮಾನ ಕೊಡುವುದಿಲ್ಲ. ಕಳೆದ ವರ್ಷ ಒಬ್ಬ ಹುಡುಗ ಮಾಡಿದ ಬಂಡಿಯಲ್ಲಿ ಎತ್ತುಗಳ ಜೊತೆ ಬಂಡಿಯ ಮೇಲೆ ಹೇರಿದ ಚೀಲಗಳೂ ಇದ್ದವು. ಚೀಲಕ್ಕೆ ಬಟ್ಟೆ ಬಳಸಿರಲಿಲ್ಲ, ಬೆಂಡನ್ನೇ ಕಚ್ಚಿ ಕಚ್ಚಿ ಉಬ್ಬುತಗ್ಗು ಮಾಡಿದ್ದ. ಹಲ್ಲಿನ ಗುರುತು ತುಂಬಿದ ಚೀಲದ ಉಬ್ಬಿನಂತೆಯೇ ಕಾಣುತ್ತಿತ್ತು. ಅದನ್ನು ರಟ್ಟಿನ ಡಬ್ಬಿಯಲ್ಲಿ ಇಟ್ಟುಕೊಂಡು ಲಿಂಗಸುಗೂರಿಗೆ ಹೋಗಿ ಮಿಸ್ತ್ರಿಯವರ ಲೇತಿನ ಪಕ್ಕದಲ್ಲಿ ಇಟ್ಟೆ. ಬಹಳ ಹೊತ್ತು ನೋಡಿದರು. ಚೀಲದ ಬಗ್ಗೆ ಏನೂ ಹೇಳಲಿಲ್ಲ. ಅಚ್ಚು ಸ್ವಲ್ಪ ಓರೆ ಆಗೇದ ಅಂದರು.

ಈಗ ಹಿಂದಿನ ಸೀಟಿನ ರೆಕ್ಸಿನ್ ಕಿತ್ತಿದ್ದಾರೆ. ಮುಂದಿನದು ಹಾಗೇ ಇದೆ. ಕಿನ್ನಾಳದವರು ಬಳಸುವ ಮರ ಎಲ್ಲಿ ಸಿಗುತ್ತದೆಂದು ಫೋನಿನಲ್ಲಿ ಕೇಳಿದರು. ಹಾರ್ನಿನ ಬಗ್ಗೆ ಮಾತ್ರ ನನ್ನ ತಕರಾರು ನಿಂತೇ ಇದೆ. ಅದರ ರಬ್ಬರಿನ ಗುಂಡು ಕಣ್ಣಿನ ಔಷಧಿಯ ಡ್ರಾಪರಿನದು, ಅಳತೆಗೆ ತುಸು ದೊಡ್ಡದಾಯಿತು. ಅದನ್ನು ಬದಲಿಸುವುದಿಲ್ಲವಂತೆ. ಮೊಮ್ಮಗಳು ಒತ್ತಿದರೆ ಸದ್ದು ಬರುವುದು ಆ ಕಾರಿನಲ್ಲಿ ಅದೊಂದರಲ್ಲೇ.